ಬಿದ್ದವನ ವೇಷ, ತಂಡದ ಹಿಮ್ಮೇಳ

ಈ ಬಾರಿ ಬಂದ ಪತ್ರಗಳಲ್ಲಿ ಐದು ಪತ್ರಗಳು ಒಂದೇ ವಿಷಯವನ್ನು ಕುರಿತವು: ಫುಟ್‌ಬಾಲ್ ಆಟಗಾರರು ಪೆಟ್ಟಾದಂತೆ ನಟಿಸುವುದು, ಮತ್ತು ಆಗ ಅದೇ ತಂಡದ ಉಳಿದವರು ನಡೆದುಕೊಳ್ಳಬೇಕಾದ ರೀತಿ. ಹೆಸರು ಪ್ರಕಟಿಸಬಾರದೆಂದು ಕೆಲವರು ಕೇಳಿಕೊಂಡಿರುವುದರಿಂದ ಎಲ್ಲ ಪತ್ರಗಳ ಕೆಳಗೂ ಊರನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಹವ್ಯಾಸಿ ಫುಟ್‌ಬಾಲ್ ತಂಡವೊಂದರ ನಾಯಕ. ಇತ್ತೀಚೆಗೆ ನಡೆದ ಸೆಮಿಫೈನಲ್ ಪಂದ್ಯದಲ್ಲಿ ಎದುರಾಳಿ ಡಿಫೆಂಡರ್‌ನ ಕೈ ನಮ್ಮ ಸ್ಟ್ರೈಕರ್‌ನ ಎದೆಗೆ ಸೋಕಿತಷ್ಟೆ. ಆತ ಮುಖ ಮುಚ್ಚಿಕೊಂಡು ಬಿದ್ದು ಹೊರಳಾಡಿದ. ನಮ್ಮ ನಾಲ್ಕೈದು ಮಂದಿ ಓಡಿ ಬಂದು ರೆಫರಿಯನ್ನು ಸುತ್ತುವರಿದು ಕೂಗಾಡಿದರು. ಕೆಂಪು ಕಾರ್ಡ್ ಬಂತು, ನಾವು ಗೆದ್ದೆವು. ಕೋಚ್ ಅವನ ಬೆನ್ನು ತಟ್ಟಿ ‘ಇದಕ್ಕೇ ಅನುಭವ ಅನ್ನುವುದು’ ಎಂದರು. ಎಲ್ಲವನ್ನೂ ಹತ್ತಿರದಿಂದ ಕಂಡಿದ್ದ ನಾನು ಬಾಯಿ ಬಿಡಲಿಲ್ಲ. ನನ್ನ ಕರ್ತವ್ಯ ಏನಾಗಿತ್ತು?
— ಮಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಿದ್ದವನ ಹೊರಳಾಟವಲ್ಲ, ಆ ನಾಲ್ಕೈದು ಮಂದಿಯ ಓಟ. ನೀವು ಕರಾವಳಿಯವರಾದ್ದರಿಂದ ಯಕ್ಷಗಾನದ ಮಾತಿನಲ್ಲೇ ಹೇಳುವುದಾದರೆ, ಮುಮ್ಮೇಳದ ವೇಷ ಎಷ್ಟೇ ಸೊಗಸಾಗಿದ್ದರೂ ಭಾಗವತರ ಪದ ಮತ್ತು ಚೆಂಡೆ-ಮದ್ದಳೆಗಳ ಬೆಂಬಲವಿಲ್ಲದೆ ಆಟ ರಂಗೇರುವುದಿಲ್ಲ. ಮೈದಾನದಲ್ಲಿ ನೋವಿನ ವೇಷ ಕಟ್ಟಿದವನಿಗೂ ಅಂಥದೇ ಒಂದು ಹಿಮ್ಮೇಳ ಬೇಕು. ಒಬ್ಬ ಬಿದ್ದಾಗ ರೆಫರಿಗೆ ಇನ್ನೂ ಅನುಮಾನವಿರುತ್ತದೆ. ಐವರು ಕೈ ಎತ್ತಿ ಕಾರ್ಡ್ ತೋರಿಸಿ ಎಂದು ಕೂಗುವಾಗ ಆ ಅನುಮಾನ ನಿಶ್ಚಯಕ್ಕೆ ತಿರುಗುತ್ತದೆ. ಅಲ್ಲಿಯವರೆಗೆ ಒಬ್ಬನದಾಗಿದ್ದ ಸುಳ್ಳು ಅಲ್ಲಿಂದ ಮುಂದೆ ತಂಡದ ಸುಳ್ಳಾಗುತ್ತದೆ.

ಮೊದಲು ನಿಯಮವನ್ನು ನೋಡೋಣ. ಪೆಟ್ಟಾದಂತೆ ನಟಿಸಿ ಅಥವಾ ಫೌಲ್ ಆದಂತೆ ತೋರಿಸಿಕೊಂಡು ರೆಫರಿಯನ್ನು ವಂಚಿಸಲು ಯತ್ನಿಸುವುದು ಆಟದ 12ನೇ ನಿಯಮದ ಪ್ರಕಾರ ಕ್ರೀಡಾಮನೋಭಾವಕ್ಕೆ ವಿರುದ್ಧವಾದ ನಡತೆ. ಅದಕ್ಕೆ ಎಚ್ಚರಿಕೆಯ ಹಳದಿ ಕಾರ್ಡ್. ಇನ್ನು 3ನೇ ನಿಯಮದಲ್ಲಿ ನಾಯಕನ ಕುರಿತು ಒಂದು ಸಾಲಿದೆ, ಬಹಳ ನಾಯಕರು ಅದನ್ನು ಓದಿಯೇ ಇರುವುದಿಲ್ಲ: ನಾಯಕನಿಗೆ ವಿಶೇಷ ಸ್ಥಾನಮಾನವಾಗಲಿ ಸವಲತ್ತಾಗಲಿ ಇಲ್ಲ, ಆದರೆ ತಂಡದ ನಡವಳಿಕೆಗೆ ಒಂದು ಮಟ್ಟದ ಹೊಣೆ ಅವನದು. ಆದ್ದರಿಂದ ‘ನಾನು ಬಿದ್ದಿಲ್ಲ, ನಾನು ಕೂಗಿಲ್ಲ’ ಎಂಬ ಸಮಾಧಾನ ತೋಳಿಗೆ ನಾಯಕನ ಪಟ್ಟಿ ಕಟ್ಟಿಕೊಂಡವರಿಗೆ ಸಿಗುವುದಿಲ್ಲ. 2024ರ ಯೂರೋ ಪಂದ್ಯಾವಳಿಯಲ್ಲಿ ತೀರ್ಪಿನ ಬಗ್ಗೆ ರೆಫರಿಯೊಡನೆ ಮಾತನಾಡಲು ನಾಯಕನೊಬ್ಬನೇ ಮುಂದೆ ಬರಬೇಕು, ಗುಂಪುಗೂಡುವ ಇತರರಿಗೆ ಹಳದಿ ಕಾರ್ಡ್ ಎಂಬ ಕಟ್ಟಳೆಯನ್ನು ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ತಂದದ್ದು ಈ ಹಿಮ್ಮೇಳವನ್ನು ಸುಮ್ಮನಾಗಿಸುವುದಕ್ಕೇ.

ಇನ್ನು ನಿಮ್ಮ ಕೋಚ್ ಹೇಳುವ ‘ಅನುಭವ’. ಅವರ ಪರವಾಗಿ ವಾದಿಸುವುದಾದರೆ ನಾನೂ ಒಂದು ಉದಾಹರಣೆ ಕೊಡಬಲ್ಲೆ. 2002ರ ಜೂನ್ 3ರಂದು ದಕ್ಷಿಣ ಕೊರಿಯಾದ ಉಲ್ಸಾನ್‌ನಲ್ಲಿ ಬ್ರೆಜಿಲ್ ಮತ್ತು ಟರ್ಕಿ ತಂಡಗಳು ವಿಶ್ವಕಪ್ ಪಂದ್ಯವಾಡಿದಾಗ, ಕಾರ್ನರ್ ಬಾವುಟದ ಬಳಿ ನಿಂತಿದ್ದ ರಿವಾಲ್ಡೊ ಕಡೆಗೆ ಟರ್ಕಿಯ ಹಕನ್ ಉನ್ಸಾಲ್ ಸಿಟ್ಟಿನಿಂದ ಚೆಂಡನ್ನು ಒದ್ದರು. ಚೆಂಡು ತಗುಲಿದ್ದು ಕಾಲಿಗೆ, ರಿವಾಲ್ಡೊ ಹಿಡಿದುಕೊಂಡು ಬಿದ್ದದ್ದು ಮುಖವನ್ನು. ಉನ್ಸಾಲ್‌ಗೆ ಎರಡನೇ ಹಳದಿ ಕಾರ್ಡ್ ಬಂದು ಅವರು ಹೊರನಡೆದರು. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಆಮೇಲೆ ರಿವಾಲ್ಡೊಗೆ ಸುಮಾರು 11,500 ಸ್ವಿಸ್ ಫ್ರಾಂಕ್ ದಂಡ ಹಾಕಿತು, ಒಂದು ಪಂದ್ಯಕ್ಕೂ ಹೊರಗಿಡಲಿಲ್ಲ, ಬ್ರೆಜಿಲ್ ಕಪ್ ಗೆದ್ದಿತು. ಲಾಭ-ನಷ್ಟದ ಲೆಕ್ಕವಷ್ಟೇ ಮುಖ್ಯವೆನ್ನುವವರಿಗೆ ಈ ಲೆಕ್ಕ ಸರಿಯಾಗಿಯೇ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೀವು ಕೇಳಿರುವುದು ಲಾಭದ ಪ್ರಶ್ನೆಯಲ್ಲ, ಕರ್ತವ್ಯದ ಪ್ರಶ್ನೆ. ಅದಕ್ಕೆ ಇಂಗ್ಲೆಂಡಿನ ಒಂದು ಪಂದ್ಯ ಹೆಚ್ಚು ನೆರವಾಗುತ್ತದೆ.

2019ರ ಏಪ್ರಿಲ್ 28ರಂದು ಎಲೆಂಡ್ ರೋಡ್ ಮೈದಾನದಲ್ಲಿ ಲೀಡ್ಸ್ ಯುನೈಟೆಡ್ ಮತ್ತು ಆಸ್ಟನ್ ವಿಲ್ಲಾ ಎರಡನೇ ದರ್ಜೆಯ ಲೀಗಿನ ಪಂದ್ಯವಾಡುತ್ತಿದ್ದವು. ವಿಲ್ಲಾದ ಜೊನಾಥನ್ ಕೊಡ್ಜಿಯಾ ಪೆಟ್ಟಾಗಿ ಬಿದ್ದಿದ್ದರು. ಲೀಡ್ಸ್ ಚೆಂಡನ್ನು ಹೊರಗೆ ಕಳಿಸುತ್ತದೆಂದು ವಿಲ್ಲಾದವರು ನಂಬಿ ನಿಂತಿದ್ದಾಗ ಲೀಡ್ಸ್ ಆಟ ಮುಂದುವರಿಸಿತು, ಮಾತೆಯುಶ್ ಕ್ಲಿಚ್ ಗೋಲು ಹೊಡೆದರು. ಅದರ ಹಿಂದೆಯೇ ನೂಕಾಟ ಶುರುವಾಯಿತು. ಆ ಗದ್ದಲದಲ್ಲಿ ಲೀಡ್ಸ್‌ನ ಪ್ಯಾಟ್ರಿಕ್ ಬ್ಯಾಮ್‌ಫರ್ಡ್ ಮುಖಕ್ಕೆ ಹೊಡೆತ ಬಿದ್ದಂತೆ ಕುಸಿದರು, ವಿಲ್ಲಾದ ಅನ್ವರ್ ಎಲ್ ಗಾಜಿಗೆ ಕೆಂಪು ಕಾರ್ಡ್ ಸಿಕ್ಕಿತು. ಮುಂದಿನದು ಬಹಳ ಮಂದಿಗೆ ಗೊತ್ತಿರುವ ಕಥೆ: ಲೀಡ್ಸ್‌ನ ಕೋಚ್ ಮಾರ್ಸೆಲೊ ಬಿಯೆಲ್ಸಾ, ಎದುರಾಳಿಗೆ ಒಂದು ಗೋಲು ಹೊಡೆಯಲು ಬಿಡಿ ಎಂದು ತಮ್ಮ ಆಟಗಾರರಿಗೆ ಆದೇಶಿಸಿದರು, ಆಲ್ಬರ್ಟ್ ಅಡೋಮಾ ಯಾರ ತಡೆಯೂ ಇಲ್ಲದೆ ಸಾಗಿ ಗೋಲು ಹಾಕಿದರು. ಯಾರ ತಡೆಯೂ ಇಲ್ಲದೆ ಎಂದೆ, ಒಬ್ಬರನ್ನು ಬಿಟ್ಟು: ಲೀಡ್ಸ್‌ನ ಪಾಂಟಸ್ ಯಾನ್ಸನ್ ಮಾತ್ರ ಆದೇಶವನ್ನು ಒಪ್ಪದೆ ಅಡ್ಡ ಹೋದರು. ಪಂದ್ಯ 1-1ರಲ್ಲಿ ಮುಗಿಯಿತು, ಆ ಫಲಿತಾಂಶದಿಂದ ಶೆಫೀಲ್ಡ್ ಯುನೈಟೆಡ್ ನೇರವಾಗಿ ಪ್ರೀಮಿಯರ್ ಲೀಗಿಗೆ ಬಡ್ತಿ ಪಡೆಯಿತು, ಲೀಡ್ಸ್‌ಗೆ ಆ ವರ್ಷ ಫಿಫಾದ ಫೇರ್ ಪ್ಲೇ ಪ್ರಶಸ್ತಿ ದೊರೆಯಿತು.

ಆದರೆ ಹೊಗಳುವವರು ಬಿಟ್ಟುಬಿಡುವ ಭಾಗವೊಂದಿದೆ. ಗೋಲನ್ನು ಹಿಂದಿರುಗಿಸಿದ ಅದೇ ತಂಡ, ಅದೇ ಐದು ನಿಮಿಷಗಳಲ್ಲಿ, ಕೆಂಪು ಕಾರ್ಡನ್ನು ಹಿಂದಿರುಗಿಸಲಿಲ್ಲ. ಎಲ್ ಗಾಜಿ ಹೊರಗೇ ಉಳಿದರು. ಮೇಲ್ಮನವಿಯ ಮೇರೆಗೆ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಆ ಕಾರ್ಡನ್ನು ರದ್ದುಗೊಳಿಸಿ, ರೆಫರಿಯನ್ನು ವಂಚಿಸಿದ್ದಕ್ಕಾಗಿ ಬ್ಯಾಮ್‌ಫರ್ಡ್‌ಗೆ ಎರಡು ಪಂದ್ಯಗಳ ನಿಷೇಧ ವಿಧಿಸಿದ್ದು ಆಮೇಲಿನ ಮಾತು. ನನ್ನ ಅಭಿಪ್ರಾಯದಲ್ಲಿ ಗೋಲಿಗಿಂತ ಕಾರ್ಡಿನ ಸಾಲವೇ ದೊಡ್ಡದು. ಗೋಲಿನಿಂದ ಒಂದು ತಂಡಕ್ಕೆ ನಷ್ಟ, ಸುಳ್ಳು ಕಾರ್ಡಿನಿಂದ ಒಬ್ಬ ಮನುಷ್ಯನ ಮೇಲೆ ಮಾಡದ ತಪ್ಪಿನ ಕಳಂಕ.

ಹಾಗಾದರೆ ನೀವು ಮಾಡಬಹುದಾಗಿದ್ದೇನು? ಓಡುತ್ತಿದ್ದ ನಾಲ್ಕೈದು ಮಂದಿಯನ್ನು ಹೆಸರು ಹಿಡಿದು ಕರೆದು ಹಿಂದಕ್ಕೆ ಕಳಿಸಬಹುದಿತ್ತು. ಇಷ್ಟು ಮಾಡಲು ಯಾವ ದೊಡ್ಡ ಧೈರ್ಯವೂ ಬೇಡ, ತಂಡಕ್ಕೆ ದ್ರೋಹ ಬಗೆದೆ ಎಂದು ಯಾರೂ ದೂರಲಾರರು. ಬಳಿಕ ಬಿದ್ದವನ ಪಕ್ಕದಲ್ಲಿ ಮಂಡಿಯೂರಿ, ನಿಜವಾಗಿ ಪೆಟ್ಟಾಗಿದೆಯೇ ಎಂದು ಕೇಳಿ, ಇಲ್ಲವೆಂದು ಖಚಿತವಾದರೆ ‘ಎದ್ದು ನೀನೇ ರೆಫರಿಗೆ ಹೇಳು’ ಎನ್ನಬಹುದಿತ್ತು. ಆತ ಹೇಳದಿದ್ದರೆ ಹೇಳಬೇಕಾದವರು ನೀವು. ಇಲ್ಲಿ ಸಮಯದ ಮಿತಿಯೊಂದಿದೆ: ಆಟ ಮತ್ತೆ ಆರಂಭವಾದ ಮೇಲೆ ರೆಫರಿ ಅಂಥ ತೀರ್ಪನ್ನು ಸಾಮಾನ್ಯವಾಗಿ ಬದಲಿಸಲು ಬರುವುದಿಲ್ಲ, ಅದಕ್ಕೆ ಮುಂಚೆ ಬದಲಿಸಬಹುದು. ವಿಎಆರ್ (ವಿಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ) ಇಲ್ಲದ ನಿಮ್ಮ ಪಂದ್ಯಾವಳಿಯಲ್ಲಿ ಆ ಅರ್ಧ ನಿಮಿಷವೇ ಎಲ್ಲವೂ.

ಹಾಗೆ ನಡೆದದ್ದೂ ಉಂಟು. 2014ರ ಮಾರ್ಚ್‌ನಲ್ಲಿ ಜರ್ಮನಿಯ ಬುಂಡೆಸ್‌ಲೀಗಾ ಪಂದ್ಯವೊಂದರಲ್ಲಿ ವೆರ್ಡರ್ ಬ್ರೆಮೆನ್‌ನ ಆರನ್ ಹಂಟ್ ನ್ಯೂರೆಂಬರ್ಗ್ ವಿರುದ್ಧ ಬಿದ್ದು ಪೆನಾಲ್ಟಿ ಗಿಟ್ಟಿಸಿಕೊಂಡರು, ಆದರೆ ಕೂಡಲೇ ರೆಫರಿಯ ಬಳಿಗೆ ಹೋಗಿ ಇದು ಫೌಲ್ ಅಲ್ಲವೆಂದರು. ತೀರ್ಪು ಬದಲಾಯಿತು, ಬ್ರೆಮೆನ್ 2-0ರಿಂದ ಗೆದ್ದೂ ಗೆದ್ದಿತು. ರೆಫರಿ ಒಪ್ಪದಿರುವುದೂ ಉಂಟು. 1997ರ ಮಾರ್ಚ್ 24ರಂದು ಲಂಡನ್ನಿನ ಹೈಬರಿ ಮೈದಾನದಲ್ಲಿ ಲಿವರ್‌ಪೂಲ್‌ನ ರಾಬಿ ಫೌಲರ್, ಆರ್ಸೆನಲ್ ಗೋಲ್‌ಕೀಪರ್ ಡೇವಿಡ್ ಸೀಮನ್ ತನ್ನನ್ನು ಮುಟ್ಟಿಲ್ಲವೆಂದು ಕೈಯಾಡಿಸಿ ಹೇಳಿದರೂ ರೆಫರಿ ಪೆನಾಲ್ಟಿಯನ್ನು ಹಿಂತೆಗೆದುಕೊಳ್ಳಲಿಲ್ಲ. ಫೌಲರ್ ಒದ್ದ ಚೆಂಡನ್ನು ಸೀಮನ್ ತಡೆದರು, ಸಿಡಿದು ಬಂದ ಚೆಂಡನ್ನು ಫೌಲರ್‌ನ ಜೊತೆಗಾರ ಜೇಸನ್ ಮ್ಯಾಕಟೀರ್ ಗೋಲಿಗೆ ಸೇರಿಸಿದರು! ಜೊತೆಗಾರನ ಪ್ರಾಮಾಣಿಕತೆಗೆ ಹಿಮ್ಮೇಳ ಒದಗಿಸುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ನೆನಪಾಗುತ್ತಿಲ್ಲ.

ತಂಡಕ್ಕೆ ಹೊಸದಾಗಿ ಸೇರಿದ ಹದಿನೇಳರ ಹುಡುಗನೊಬ್ಬ ಈ ಪ್ರಶ್ನೆ ಕೇಳಿದ್ದರೆ ರೆಫರಿಗೆ ಹೋಗಿ ಹೇಳು ಎಂದು ನಾನು ಒತ್ತಾಯಿಸುತ್ತಿರಲಿಲ್ಲ. ಕೂಗುವವರ ಜೊತೆ ಸೇರಬೇಡ ಎಂದಷ್ಟೇ ಹೇಳುತ್ತಿದ್ದೆ. ನೀವು ನಾಯಕರು, ನಿಮ್ಮ ವಿಷಯ ಬೇರೆ. ಈಗಲೂ ತಡವಾಗಿಲ್ಲ. ಕಾರ್ಡ್ ಪಡೆದ ಆ ಡಿಫೆಂಡರ್ ನಿಮ್ಮ ಊರಿನ ಆಸುಪಾಸಿನವರೇ ಆಗಿರಬೇಕು. ಹೋಗಿ ಮಾತನಾಡಿ, ಪಂದ್ಯಾವಳಿಯ ಶಿಸ್ತು ಸಮಿತಿಗೆ ನೀವು ಕಂಡದ್ದನ್ನು ಬರೆದುಕೊಡಿ.

ಪ್ರಶ್ನೆ: ನನ್ನ ಹದಿನಾಲ್ಕು ವರ್ಷದ ಮಗ ಶಾಲಾ ತಂಡದಲ್ಲಿ ಆಡುತ್ತಾನೆ. ಕಳೆದ ವಾರ ತಲೆಗೆ ತಲೆ ಡಿಕ್ಕಿಯಾಗಿ ಬಿದ್ದಾಗ ಅವನ ಜೊತೆಗಾರರೇ ‘ನಾಟಕ ಸಾಕು, ಏಳೋ’ ಎಂದು ರಟ್ಟೆ ಹಿಡಿದು ಎಬ್ಬಿಸಿದರು. ಅವನಿಗೆ ಆ ಸಂಜೆಯವರೆಗೂ ತಲೆ ಸುತ್ತುತ್ತಿತ್ತು. ಮಕ್ಕಳಿಗೆ ಏನು ಕಲಿಸಬೇಕು?
— ಬೆಂಗಳೂರು

ಉತ್ತರ: ನಟನೆಯನ್ನು ಖಂಡಿಸುವವರು ಮಾಡುವ ಅತಿ ದೊಡ್ಡ ತಪ್ಪು ಇದು, ಮತ್ತು ಮೇಲಿನ ಉತ್ತರವನ್ನು ಓದಿದವರು ಈ ಉತ್ತರವನ್ನು ಖಂಡಿತ ಓದಬೇಕು. ಬಿದ್ದವನು ನಟಿಸುತ್ತಿದ್ದಾನೆಂದು ಖಚಿತವಾಗಿ ತಿಳಿಯುವವರೆಗೆ ಅವನಿಗೆ ನಿಜವಾಗಿ ಪೆಟ್ಟಾಗಿದೆ ಎಂದೇ ತಿಳಿದು ನಡೆಯಬೇಕು. ಹಾಗೆ ನಡೆದು ಮೋಸ ಹೋದರೆ ಒಂದು ನಿಮಿಷ ನಷ್ಟ. ಇನ್ನೊಂದು ರೀತಿಯ ತಪ್ಪಿಗೆ ಪರಿಹಾರವಿಲ್ಲ.

ನಿಮ್ಮ ಊರಿನಲ್ಲೇ ಅದು ನಡೆದಿದೆ. 2004ರ ಡಿಸೆಂಬರ್ 5ರಂದು ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್ ನಡೆಯುತ್ತಿತ್ತು. ಗೋವಾದ ಡೆಂಪೊ ತಂಡದ ಬ್ರೆಜಿಲಿಯನ್ ಸ್ಟ್ರೈಕರ್ ಕ್ರಿಸ್ಟಿಯಾನೊ ಜೂನಿಯರ್ ತಮ್ಮ ಎರಡನೇ ಗೋಲು ಹೊಡೆಯುವಾಗ ಮೋಹನ್ ಬಾಗಾನ್ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದರು, ಮತ್ತೆ ಏಳಲಿಲ್ಲ. ಡೆಂಪೊ 2-0ರಿಂದ ಗೆದ್ದಿತು, ಎರಡೂ ಗೋಲು ಸತ್ತವನವು.

2014ರ ವಿಶ್ವಕಪ್‌ನಲ್ಲಿ ಕೊಲಂಬಿಯಾ ವಿರುದ್ಧ ನೇಮಾರ್ ಬೆನ್ನಿಗೆ ಎದುರಾಳಿಯ ಮಂಡಿ ತಗುಲಿ ಬೆನ್ನುಮೂಳೆಯ ಕಶೇರು ಮುರಿದಾಗ ಮೊದಲು ಓಡಿ ಬಂದು ವೈದ್ಯರಿಗೆ ಸನ್ನೆ ಮಾಡಿದ್ದು ಜೊತೆಗಾರ ಮಾರ್ಸೆಲೊ. ನಾಲ್ಕು ವರ್ಷಗಳ ಬಳಿಕ ರಷ್ಯಾದಲ್ಲಿ ಅದೇ ನೇಮಾರ್ ಉರುಳಾಡಿದ ಪರಿಗೆ ಇಡೀ ಜಗತ್ತು ನಕ್ಕಿತು. ‘ಹುಲಿ ಬಂತು ಹುಲಿ’ ಕಥೆಯ ಹುಡುಗನಿಗೂ ಒಂದು ಸಲ ನಿಜವಾದ ಹುಲಿ ಬಂದಿತ್ತು ಎಂಬುದನ್ನು ಜೊತೆಗಾರರು ಮರೆಯುವಂತಿಲ್ಲ.

ಮಕ್ಕಳಿಗೆ ಕಲಿಸಬೇಕಾದದ್ದು ಸರಳವಾಗಿದೆ. ಬಿದ್ದವನನ್ನು ಎಳೆದು ಎಬ್ಬಿಸಬಾರದು, ಕುತ್ತಿಗೆಗೆ ಪೆಟ್ಟಾಗಿದ್ದರೆ ಹಾಗೆ ಎಳೆಯುವುದರಿಂದಲೇ ಅನಾಹುತವಾದೀತು. ಆಟ ನಿಲ್ಲಿಸಲು ರೆಫರಿಗೆ ಕೂಗಿ ಹೇಳಬೇಕು, ಬಿದ್ದವನನ್ನು ಹೆಸರು ಹಿಡಿದು ಮಾತನಾಡಿಸಬೇಕು. ಯಾರೂ ಮುಟ್ಟದೆಯೇ ಕುಸಿದು, ಕರೆದರೆ ಓಗೊಡದೆ, ಉಸಿರಾಟ ಸರಿಯಿಲ್ಲದಿದ್ದರೆ ಹೃದಯ ನಿಂತಿದೆ ಎಂದೇ ಭಾವಿಸಿ 108ಕ್ಕೆ ಕರೆ ಮಾಡಿಸಿ, ದೊಡ್ಡವರು ತಡಮಾಡದೆ ಎದೆಯನ್ನು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಲು ಆರಂಭಿಸಬೇಕು. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸನ್ ಕುಸಿದಾಗ ನಾಯಕ ಸೈಮನ್ ಕ್ಯಾರ್ ಕೂಡಲೇ ಅವರ ಆರೈಕೆಗೆ ನಿಂತರು, ವೈದ್ಯರು ಬಂದ ಮೇಲೆ ಇಡೀ ತಂಡ ಬೆನ್ನು ಒಳಗೆ ಮಾಡಿ ಗೋಡೆಯಂತೆ ಸುತ್ತ ನಿಂತು ಕ್ಯಾಮೆರಾಗಳಿಂದ ಅವರನ್ನು ಮರೆಮಾಡಿತು. ಎರಿಕ್ಸನ್ ಬದುಕಿದರು, ಮತ್ತೆ ಆಡಿದರು.

ತಲೆಯ ಪೆಟ್ಟಿನಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಆಟಗಾರ ನಟಿಸುವುದು ನೋವನ್ನಲ್ಲ, ಆರೋಗ್ಯವನ್ನು. 2022ರ ನವೆಂಬರ್‌ನಲ್ಲಿ ಕತಾರ್ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಇರಾನಿನ ಗೋಲ್‌ಕೀಪರ್ ಅಲಿರೆಜಾ ಬೈರಾನ್‌ವಂದ್ ಸ್ವಂತ ತಂಡದವನಿಗೇ ಡಿಕ್ಕಿಯಾಗಿ, ದೀರ್ಘ ಚಿಕಿತ್ಸೆಯ ನಂತರ ಆಡುತ್ತೇನೆಂದು ಎದ್ದು ನಿಂತು, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಕುಸಿದು ಸ್ಟ್ರೆಚರ್ ಮೇಲೆ ಹೊರಹೋದರು. ಇಂಥ ಸಂದರ್ಭದಲ್ಲಿ ‘ನನಗೇನೂ ಆಗಿಲ್ಲ’ ಎಂಬ ಗೆಳೆಯನ ಮಾತನ್ನು ನಂಬದಿರುವುದೇ ಸ್ನೇಹ. ನಿಮ್ಮ ಮಗನನ್ನು ವೈದ್ಯರಿಗೆ ತೋರಿಸದೆ ಈ ವಾರ ಆಟಕ್ಕೆ ಕಳಿಸಬೇಡಿ.

ಪ್ರಶ್ನೆ: ಎದುರಾಳಿ ಬಿದ್ದಾಗ ಚೆಂಡನ್ನು ಹೊರಗೆ ಒದೆಯಲೇಬೇಕೆ? ಅದನ್ನೇ ಬಂಡವಾಳ ಮಾಡಿಕೊಂಡು ನಮ್ಮ ದಾಳಿ ತಡೆಯಲು ಬೀಳುವವರಿದ್ದಾರೆ.
— ಧಾರವಾಡ

ಉತ್ತರ: ಒದೆಯಲೇಬೇಕೆಂಬ ನಿಯಮ ಎಂದೂ ಇರಲಿಲ್ಲ, ಅದು ಸಂಪ್ರದಾಯ. ತೀವ್ರ ಪೆಟ್ಟಾಗಿದ್ದರೆ ಆಟ ನಿಲ್ಲಿಸುವುದು, ಅಲ್ಪಸ್ವಲ್ಪವಾಗಿದ್ದರೆ ಮುಂದುವರಿಸುವುದು ರೆಫರಿಯ ಕೆಲಸವೆಂದು 5ನೇ ನಿಯಮ ಹೇಳುತ್ತದೆ. 2019ರಿಂದ ಡ್ರಾಪ್ ಬಾಲ್ (ನಿಂತ ಆಟವನ್ನು ರೆಫರಿ ಚೆಂಡು ಕೆಳಗೆ ಬಿಟ್ಟು ಮತ್ತೆ ಆರಂಭಿಸುವುದು) ನಿಯಮವೂ ಬದಲಾಗಿದೆ: ಆಟ ನಿಂತಾಗ ಚೆಂಡು ಯಾವ ತಂಡದ ಬಳಿಯಿತ್ತೋ ಆ ತಂಡದ ಒಬ್ಬನಿಗೇ ಸಾಮಾನ್ಯವಾಗಿ ಅದನ್ನು ಕೊಡಲಾಗುತ್ತದೆ, ಉಳಿದವರೆಲ್ಲ ಕನಿಷ್ಠ 4 ಮೀಟರ್ ದೂರ ನಿಲ್ಲಬೇಕು. ಹೀಗಾಗಿ ರೆಫರಿ ಆಟ ನಿಲ್ಲಿಸಿದರೆ ನಿಮ್ಮ ಚೆಂಡು ನಿಮಗೇ ಬರುತ್ತದೆ, ಉದಾರತೆಯಿಂದ ಹೊರಗೊದ್ದು ಅವರು ಹಿಂದಿರುಗಿಸುವರೋ ಇಲ್ಲವೋ ಎಂದು ಕಾಯಬೇಕಾಗಿಲ್ಲ. ಹಾಗೆ ಕಾದು ಕೆಟ್ಟವರಿದ್ದಾರೆ. 1999ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಪಂದ್ಯದಲ್ಲಿ ತಮ್ಮವನೊಬ್ಬ ಬಿದ್ದಾಗ ಶೆಫೀಲ್ಡ್ ಯುನೈಟೆಡ್ ಚೆಂಡನ್ನು ಹೊರಗೊದ್ದಿತು, ಆರ್ಸೆನಲ್‌ನ ಥ್ರೋ-ಇನ್ ಅವರಿಗೆ ಹಿಂದಿರುಗಬೇಕಿತ್ತು. ಆರ್ಸೆನಲ್ ಪರ ಮೊದಲ ಪಂದ್ಯವಾಡುತ್ತಿದ್ದ ಕಾನು ಮಧ್ಯೆ ನುಗ್ಗಿ ಕೊಟ್ಟ ಪಾಸಿನಿಂದ ಒವರ್‌ಮಾರ್ಸ್ ಗೋಲು ಹೊಡೆದರು. ಕೋಚ್ ಆರ್ಸೀನ್ ವೆಂಗರ್ ತಾವಾಗಿಯೇ ಮರುಪಂದ್ಯಕ್ಕೆ ಮುಂದಾದರು.

ಹೊತ್ತು ಕಳೆಯಲು ಬೀಳುವವರಿಗೆ ಲೀಗುಗಳು ಈಗ ಬೇರೆ ಮದ್ದು ಕಂಡುಕೊಂಡಿವೆ. ಮೈದಾನದೊಳಗೆ ಚಿಕಿತ್ಸೆ ಪಡೆದವನು ಆಟ ಶುರುವಾದ ಮೇಲೆ 30 ಸೆಕೆಂಡು ಹೊರಗಿರಬೇಕೆಂದು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2023-24ರಿಂದ ಗೊತ್ತುಮಾಡಿತು. ಅಮೆರಿಕದ ಪ್ರಮುಖ ಲೀಗ್ ಎಂಎಲ್‌ಎಸ್‌ನಲ್ಲಿ 2024ರಿಂದ 15 ಸೆಕೆಂಡಿಗಿಂತ ಹೆಚ್ಚು ಬಿದ್ದಿದ್ದು ಚಿಕಿತ್ಸಕರನ್ನು ಒಳಗೆ ಕರೆಸಿಕೊಂಡವನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 2 ನಿಮಿಷ ಹೊರಗಿರಬೇಕು. ಇದರ ಸ್ವಾರಸ್ಯವೆಂದರೆ ಶಿಕ್ಷೆ ತಂಡದ ಮೇಲೆ ಬೀಳುತ್ತದೆ. ಹತ್ತೇ ಮಂದಿ ಓಡಾಡಬೇಕಾದಾಗ ಜೊತೆಗಾರರೇ ‘ಸುಮ್ಮನೆ ಬೀಳಬೇಡ’ ಎನ್ನತೊಡಗುತ್ತಾರೆ. ಗೋಲ್‌ಕೀಪರ್‌ಗಳಿಗೆ ಮಾತ್ರ ಈ ಮದ್ದು ತಾಗುವುದಿಲ್ಲ, ಅವರು ಚಿಕಿತ್ಸೆಗೆ ಹೊರಹೋಗಬೇಕಾಗಿಲ್ಲ. ಅದಕ್ಕೇ ಈಚೆಗೆ ಕೀಪರ್ ಕುಳಿತ ಕೂಡಲೇ ಉಳಿದ ಹತ್ತು ಮಂದಿ ಅವನತ್ತ ತಿರುಗಿಯೂ ನೋಡದೆ ಕೋಚ್ ಬಳಿಗೆ ಓಡಿ ನೀರು ಕುಡಿಯುತ್ತಾ ಪಾಠ ಕೇಳುವ ದೃಶ್ಯ ಸಾಮಾನ್ಯವಾಗಿದೆ. ಜೊತೆಗಾರನ ನೋವು ಎಷ್ಟು ನಿಜವೆಂಬುದಕ್ಕೆ ಅವರ ಬೆನ್ನೇ ಸಾಕ್ಷಿ.

ಪ್ರಶ್ನೆ: ಆಟಗಾರ್ತಿಯರೂ ಹೀಗೆ ನಟಿಸುತ್ತಾರೆಯೇ?
— ಬೆಳಗಾವಿ

ಉತ್ತರ: ಕಡಿಮೆ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಡ್ಯಾರಿಲ್ ರೋಸೆನ್‌ಬಾಮ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಅಂತರರಾಷ್ಟ್ರೀಯ ಮಹಿಳಾ ಪಂದ್ಯವೊಂದರಲ್ಲಿ ಸರಾಸರಿ 5.74 ಬಾರಿ ಯಾರಾದರೂ ಪೆಟ್ಟಾದಂತೆ ಕಂಡರೆ, ಪುರುಷರ ಪಂದ್ಯದಲ್ಲಿ ಆ ಸಂಖ್ಯೆ 11.26. ರಕ್ತ ಕಂಡ ಅಥವಾ ಐದು ನಿಮಿಷಗಳೊಳಗೆ ಆಟಗಾರ ಹೊರಹೋದ ಪ್ರಕರಣಗಳನ್ನಷ್ಟೇ ಅವರು ಖಚಿತ ಗಾಯವೆಂದು ಎಣಿಸಿದ್ದರು. ಹಾಗೆಂದು ಉಳಿದವೆಲ್ಲ ನಟನೆಯೆಂದು ಹೇಳಲು ಬಾರದು, ಕ್ಷಣಕಾಲದ ನೋವೂ ನೋವೇ.

ಪ್ರಶ್ನೆ: ನಟಿಸಿ ಸಿಕ್ಕಿಬಿದ್ದವನನ್ನು ತಂಡದಿಂದ ಕೈಬಿಡಬೇಕಲ್ಲವೇ?
— ಮೈಸೂರು

ಉತ್ತರ: ಮೊದಲ ಸಲಕ್ಕೇ ಬೇಡ ಎಂದು ನನ್ನ ಅಭಿಪ್ರಾಯ. 1994ರಲ್ಲಿ ಜರ್ಮನಿಯ ಯೂರ್ಗೆನ್ ಕ್ಲಿನ್ಸ್‌ಮನ್ ಬೀಳುವವನೆಂಬ ಕುಖ್ಯಾತಿ ಹೊತ್ತು ಲಂಡನ್ನಿನ ಟಾಟನ್‌ಹ್ಯಾಮ್ ಸೇರಿದರು. ಮೊದಲ ಪಂದ್ಯದಲ್ಲೇ ಗೋಲು ಹೊಡೆದು ಬೇಕೆಂದೇ ಹುಲ್ಲಿನ ಮೇಲೆ ಹೊಟ್ಟೆಯೂರಿ ಜಾರಿದರು, ಜೊತೆಗಾರರೂ ಜಾರಿ ನಗೆಯಲ್ಲಿ ಸೇರಿಕೊಂಡರು. ನಗುವಿನಿಂದ ಮುಗಿಯುವ ತಪ್ಪುಗಳೂ ಉಂಟು. ಮುಗಿಯದವೂ ಉಂಟು.

1989ರ ಸೆಪ್ಟೆಂಬರ್ 3ರಂದು ರಿಯೋದ ಮರಕಾನಾ ಕ್ರೀಡಾಂಗಣದಲ್ಲಿ ಚಿಲಿ ತಂಡ ಬ್ರೆಜಿಲ್ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯವಾಡುತ್ತಾ 0-1ರಿಂದ ಹಿಂದಿತ್ತು. ಪ್ರೇಕ್ಷಕರ ಕಡೆಯಿಂದ ಉರಿಯುವ ಪಟಾಕಿಯೊಂದು ಗೋಲಿನ ಬಳಿ ಬಂದು ಬಿತ್ತು, ಚಿಲಿಯ ಗೋಲ್‌ಕೀಪರ್ ರಾಬರ್ಟೊ ರೋಹಾಸ್ ಮುಖದ ತುಂಬ ರಕ್ತದೊಡನೆ ಕುಸಿದರು. ಜೊತೆಗಾರರು ಅವರನ್ನು ಹೊತ್ತು ಹೊರನಡೆದರು, ಮೈದಾನಕ್ಕೆ ಮರಳಲು ಒಪ್ಪಲಿಲ್ಲ. ಪಟಾಕಿ ಅವರಿಗೆ ತಗುಲಿಯೇ ಇಲ್ಲವೆಂದು ಛಾಯಾಚಿತ್ರಗಳು ತೋರಿಸಿದವು. ಕೈಗವಸಿನಲ್ಲಿ ಬಚ್ಚಿಟ್ಟಿದ್ದ ಬ್ಲೇಡಿನಿಂದ ಅವರೇ ಹಣೆ ಕೊಯ್ದುಕೊಂಡಿದ್ದರು. ಫಿಫಾ ಪಂದ್ಯವನ್ನು ಬ್ರೆಜಿಲ್‌ಗೆ 2-0 ಎಂದು ಕೊಟ್ಟಿತು, ರೋಹಾಸ್‌ಗೆ ಆಜೀವ ನಿಷೇಧ ಹೇರಿತು, 1994ರ ವಿಶ್ವಕಪ್‌ನ ಅರ್ಹತಾ ಸುತ್ತಿನಿಂದಲೂ ಚಿಲಿಯನ್ನು ಹೊರಗಿಟ್ಟಿತು. ಇವಾನ್ ಝಮೊರಾನೊ ಅವರಂಥ ಸ್ಟ್ರೈಕರ್ 1998ರವರೆಗೆ, ತಮ್ಮ ಮೂವತ್ತೊಂದನೇ ವಯಸ್ಸಿನವರೆಗೆ, ವಿಶ್ವಕಪ್‌ಗೆ ಕಾಯಬೇಕಾಯಿತು.

ರೋಹಾಸ್ ಅವರ ನಿಷೇಧವನ್ನು ಫಿಫಾ 2001ರಲ್ಲಿ ತೆರವುಗೊಳಿಸಿತು. ಆಗ ಅವರಿಗೆ 43 ವರ್ಷ, ಕೈಗವಸು ತೊಡುವ ಕಾಲ ಮುಗಿದಿತ್ತು. ಆದರೆ ಫುಟ್‌ಬಾಲ್ ಅವರ ಕೈಬಿಟ್ಟಿರಲಿಲ್ಲ: ಹಗರಣಕ್ಕೆ ಮುಂಚೆ ಅವರು ಆಡುತ್ತಿದ್ದ ಸಾವೊ ಪಾಲೊ ಕ್ಲಬ್ ಅವರನ್ನು ಗೋಲ್‌ಕೀಪರ್‌ಗಳ ತರಬೇತುದಾರರನ್ನಾಗಿ ಮಾಡಿಕೊಂಡಿತು, 2003ರಲ್ಲಿ ತಂಡದ ಕೋಚ್ ಹೊಣೆಯನ್ನೂ ವಹಿಸಿತು. ಆ ಕ್ಲಬ್ ಬ್ರೆಜಿಲ್‌ನದು.